ಬೇಟೆಯಾಗಿದ್ದವನೇ ಬೇಟೆಗಾರನಾದ ಕಥೆ

ಆದಿಮಾನವ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ. ಸೊಂಟಕ್ಕೆ ಚರ್ಮ ಸುತ್ತಿಕೊಂಡು, ಕೈಯಲ್ಲಿ ಈಟಿ ಹಿಡಿದು, ಆನೆಯಂಥ ದೈತ್ಯ ಪ್ರಾಣಿಯೊಂದನ್ನು ಸುತ್ತುವರಿದು ನಿಂತ ಗಂಡಸರ ಗುಂಪು. ಪಠ್ಯಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳ ಗೋಡೆಗಳ ಮೇಲೆ ಇದನ್ನು ನೋಡಿ ನೋಡಿ, ಮನುಷ್ಯ ಮೊದಲಿನಿಂದಲೂ ಬೇಟೆಗಾರನೇ ಆಗಿದ್ದನೆಂದು ನಂಬಿಬಿಡುವುದು ಸುಲಭ.

ಆದರೆ ಈಟಿ ಬಂದದ್ದು ಬಹಳ ತಡವಾಗಿ. ಅದಕ್ಕೂ ಎಷ್ಟೋ ಮುಂಚೆ, ಕಲ್ಲನ್ನು ಒಡೆದು ಚೂಪು ಮಾಡುವ ವಿದ್ಯೆ ಕೂಡ ಗೊತ್ತಿಲ್ಲದ ಕಾಲದಲ್ಲಿ, ನಮ್ಮ ಪೂರ್ವಜರು ಲಕ್ಷಾಂತರ ವರ್ಷ ಬದುಕಿ ಬಾಳಿದ್ದರು. ಅವರ ಸುತ್ತ ಚಿರತೆ, ಕತ್ತೆಕಿರುಬ, ಮೊಸಳೆಗಳಿದ್ದವು. ಈಗ ಭೂಮಿಯಿಂದ ಅಳಿದುಹೋಗಿರುವ, ಕತ್ತಿಯಂಥ ಕೋರೆಹಲ್ಲಿನ ದೊಡ್ಡ ಬೆಕ್ಕುಗಳೂ ಇದ್ದವು. ನಮ್ಮವರಿಗೋ ಸೀಳುವ ಉಗುರಿಲ್ಲ, ಇರಿಯುವ ಕೊಂಬಿಲ್ಲ, ಹಾರಿಹೋಗಲು ರೆಕ್ಕೆಯಿಲ್ಲ. ಹಾಗಿದ್ದರೂ ಅವರು ಉಳಿದದ್ದು ಹೇಗೆ? ಹೊಟ್ಟೆ ಹೊರೆದದ್ದು ಹೇಗೆ?

ಈ ಪ್ರಶ್ನೆಗೆ ದಕ್ಷಿಣ ಆಫ್ರಿಕಾದ ಸುಣ್ಣಕಲ್ಲಿನ ಗವಿಗಳು ಉತ್ತರ ಕೊಟ್ಟಿವೆ. ಆ ಉತ್ತರವನ್ನು ವಿಜ್ಞಾನಿಗಳು ಮೊದಲು ತಪ್ಪಾಗಿ ಓದಿ, ಆಮೇಲೆ ತಿದ್ದಿಕೊಂಡರೆಂಬುದು ಇನ್ನೂ ಸ್ವಾರಸ್ಯದ ಸಂಗತಿ.

ಅರ್ಧ ಇತಿಹಾಸ ಬರಿಗೈಯಲ್ಲಿ

ಮನುಷ್ಯನ ವಂಶವೂ ಚಿಂಪಾಂಜಿಯ ವಂಶವೂ ಬೇರೆ ಬೇರೆಯಾಗಿ ಸುಮಾರು 60ರಿಂದ 70 ಲಕ್ಷ ವರ್ಷಗಳಾಗಿವೆ ಎಂಬುದು ವಿಜ್ಞಾನಿಗಳ ಅಂದಾಜು. 1978ರಲ್ಲಿ ಮೇರಿ ಲೀಕಿ ಅವರ ತಂಡ ತಾಂಜಾನಿಯದ ಲೇಟೋಲಿ ಎಂಬಲ್ಲಿ, ಗಟ್ಟಿಯಾದ ಜ್ವಾಲಾಮುಖಿ ಬೂದಿಯಲ್ಲಿ ಅಚ್ಚೊತ್ತಿದ್ದ ಹೆಜ್ಜೆಗುರುತುಗಳ ಸಾಲನ್ನು ಕಂಡುಹಿಡಿಯಿತು. 36 ಲಕ್ಷ ವರ್ಷಗಳಷ್ಟು ಹಳೆಯ ಆ ಹೆಜ್ಜೆಗಳು ನಮ್ಮಂತೆಯೇ ಎರಡು ಕಾಲಿನ ಮೇಲೆ ನಡೆದವರವು. 1974ರಲ್ಲಿ ಇಥಿಯೋಪಿಯದಲ್ಲಿ ದೊರೆತ, ‘ಲೂಸಿ’ ಎಂದೇ ಹೆಸರಾದ ಅಸ್ಥಿಪಂಜರ 32 ಲಕ್ಷ ವರ್ಷ ಹಿಂದಿನದು. ಲೂಸಿಯ ಎತ್ತರ ಮೂರೂವರೆ ಅಡಿ. ತೂಕ 30 ಕಿಲೋ ಆಸುಪಾಸು. ಅಂದರೆ ನಮ್ಮ ನಾಲ್ಕನೆಯ ತರಗತಿಯ ಮಗುವಿನಷ್ಟು ತೂಕ!

ಇನ್ನು ಕಲ್ಲಿನ ಆಯುಧಗಳು. ಕೆನ್ಯಾದ ತುರ್ಕಾನಾ ಸರೋವರದ ಬಳಿಯ ಲೊಮೆಕ್ವಿಯಲ್ಲಿ ದೊರೆತು, 2015ರಲ್ಲಿ ಪ್ರಕಟವಾದ ಒರಟು ಕಲ್ಲುಗಳ ವಯಸ್ಸು 33 ಲಕ್ಷ ವರ್ಷವೆಂದು ಲೆಕ್ಕಹಾಕಲಾಗಿದೆ. ಇಥಿಯೋಪಿಯದ ಗೋನಾದಲ್ಲಿ ಸಿಕ್ಕಿರುವ, ಹೆಚ್ಚು ಅಚ್ಚುಕಟ್ಟಾದ ಕಲ್ಲಿನ ಚಕ್ಕೆಗಳು 26 ಲಕ್ಷ ವರ್ಷ ಹಳೆಯವು.

ಇಷ್ಟು ದೊಡ್ಡ ಸಂಖ್ಯೆಗಳು ಮನಸ್ಸಿಗೆ ಹಿಡಿಯುವುದು ಕಷ್ಟ. 66 ಲಕ್ಷ ವರ್ಷಗಳ ನಮ್ಮ ಇತಿಹಾಸವನ್ನು ನಡುರಾತ್ರಿಯಿಂದ ನಡುರಾತ್ರಿಯವರೆಗಿನ ಒಂದು ದಿನವೆಂದು ಭಾವಿಸೋಣ. ಮೊದಲ ಕಲ್ಲಿನ ಆಯುಧ ಕಾಣುವುದು ಮಧ್ಯಾಹ್ನ 12 ಗಂಟೆಗೆ. 10 ಲಕ್ಷ ವರ್ಷಗಳ ಹಿಂದಿನ ಒಲೆಯ ಬೂದಿ ಕಾಣುವುದು ರಾತ್ರಿ 8 ಗಂಟೆ ದಾಟಿದ ಮೇಲೆ. ವ್ಯವಸಾಯ ಶುರುವಾಗುವುದು ದಿನದ ಕೊನೆಯ ಮೂರು ನಿಮಿಷಗಳಲ್ಲಿ! ಮಧ್ಯಾಹ್ನದವರೆಗಿನ ಹೊತ್ತನ್ನೆಲ್ಲ ಅವರು ಕಳೆದದ್ದು ಬರಿಗೈಯಲ್ಲಿ. ಹೆಚ್ಚೆಂದರೆ ನೆಲದಿಂದ ಎತ್ತಿಕೊಂಡ ಕಲ್ಲು, ಮರದಿಂದ ಮುರಿದುಕೊಂಡ ಕೋಲು.

ಟೌಂಗ್‌ನ ಮಗು

1924ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಿಂದ ಜೋಹಾನ್ಸ್‌ಬರ್ಗ್‌ನ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ಅವರಿಗೆ ಕಲ್ಲಿನ ಗಟ್ಟಿಗಳು ಬಂದವು. ಅವುಗಳಲ್ಲೊಂದರಿಂದ ಅವರು ಬಿಡಿಸಿ ತೆಗೆದದ್ದು ಪುಟ್ಟ ಮಗುವೊಂದರ ಮುಖ. ಮೆದುಳಿನ ಗಾತ್ರ ವಾನರನಷ್ಟೇ ಇದ್ದರೂ, ಕೋರೆಹಲ್ಲುಗಳು ಚಿಕ್ಕವಾಗಿದ್ದವು. ತಲೆಬುರುಡೆ ಬೆನ್ನುಹುರಿಗೆ ಸೇರುವ ರಂಧ್ರ ಬುರುಡೆಯ ತಳಭಾಗದಲ್ಲಿತ್ತು. ಅಂದರೆ ಅದು ನೆಟ್ಟಗೆ ನಡೆಯುತ್ತಿದ್ದ ಜೀವಿ. 1925ರಲ್ಲಿ ಡಾರ್ಟ್ ಅದಕ್ಕೆ ‘ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್’, ಅಂದರೆ ಆಫ್ರಿಕಾದ ದಕ್ಷಿಣ ವಾನರ ಎಂದು ಹೆಸರಿಟ್ಟರು. ಮನುಷ್ಯನ ತವರು ಆಫ್ರಿಕಾ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯವದು.

ಮುಂದೆ ಡಾರ್ಟ್ ಅವರ ಗಮನ ಮಕಪಾನ್ಸ್‌ಗಟ್ ಎಂಬ ಇನ್ನೊಂದು ಗವಿಯತ್ತ ಹರಿಯಿತು. ಅಲ್ಲಿ ಸಿಕ್ಕ 7 ಸಾವಿರಕ್ಕೂ ಹೆಚ್ಚು ಮೂಳೆ ಚೂರುಗಳನ್ನು ಅವರು ಪರೀಕ್ಷಿಸಿದರು. ಕೆಲವು ಬಗೆಯ ಮೂಳೆಗಳು ವಿಪರೀತ ಹೆಚ್ಚು, ಕೆಲವು ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ. ಉದಾಹರಣೆಗೆ, ಹುಲ್ಲೆಗಳ ಮುಂಗಾಲಿನ ಮೇಲ್ಭಾಗದ ಮೂಳೆಯಲ್ಲಿ ಕೆಳತುದಿಗಳು ರಾಶಿ ರಾಶಿ. ಮೇಲ್ತುದಿಗಳು ಮಾತ್ರ ಅಪರೂಪ. ಬೇಕೆಂದೇ ಆರಿಸಿ ತಂದಿರದಿದ್ದರೆ ಹೀಗಾಗುವುದು ಸಾಧ್ಯವೇ? ಇವು ಆದಿಮಾನವರ ಗದೆಗಳು, ದವಡೆಗಳು ಗರಗಸಗಳು, ಕೊಂಬುಗಳು ಬಾಕುಗಳು ಎಂದು ಡಾರ್ಟ್ ತೀರ್ಮಾನಿಸಿದರು. ಆ ಆಯುಧಗಳಿಂದ ಅವರು ಪ್ರಾಣಿಗಳನ್ನಷ್ಟೇ ಅಲ್ಲ, ತಮ್ಮವರನ್ನೂ ಕೊಂದರೆಂದು 1953ರಲ್ಲಿ ಬರೆದರು. ಕೊಲ್ಲುವ ಗುಣದಿಂದಲೇ ವಾನರ ಮನುಷ್ಯನಾದ ಎಂಬುದು ಅವರ ವಾದದ ಸಾರ.

ಈ ವಾದ ಪ್ರಯೋಗಶಾಲೆಯಲ್ಲಿ ಉಳಿಯಲಿಲ್ಲ. ಅಮೆರಿಕದ ನಾಟಕಕಾರ ರಾಬರ್ಟ್ ಆರ್ಡ್ರಿ 1961ರಲ್ಲಿ ಇದನ್ನೇ ಪುಸ್ತಕವಾಗಿಸಿ ಲಕ್ಷಾಂತರ ಓದುಗರಿಗೆ ತಲುಪಿಸಿದರು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಲನಚಿತ್ರದ ಆರಂಭದಲ್ಲಿ ವಾನರನೊಬ್ಬ ಮೂಳೆಯನ್ನೆತ್ತಿ ಹೊಡೆದು ಕೊಲ್ಲುವುದನ್ನು ಜಗತ್ತೇ ನೋಡಿತು. ಎರಡು ಮಹಾಯುದ್ಧಗಳನ್ನು ಕಂಡ ತಲೆಮಾರಿಗೆ, ‘ಕೊಲೆ ನಮ್ಮ ರಕ್ತದಲ್ಲೇ ಇದೆ’ ಎಂಬ ಮಾತು ನಿಜವೆಂದೇ ತೋರಿತು.

ನಾಯಿ ಅಗಿದು ಬಿಟ್ಟ ಮೂಳೆಗಳು

ಇದನ್ನು ಪರೀಕ್ಷೆಗೆ ಒಡ್ಡಿದವರು ಚಾರ್ಲ್ಸ್ ಕಿಂಬರ್ಲಿನ್ ಬ್ರೈನ್. ಸ್ನೇಹಿತರಿಗೆ ಬಾಬ್ ಬ್ರೈನ್. ಅವರು ಮಾಡಿದ ಪ್ರಯೋಗಕ್ಕೆ ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ನಮೀಬಿಯದ ಕುಯಿಸೆಬ್ ನದಿಯ ದಂಡೆಯ ಹಳ್ಳಿಗಳಲ್ಲಿ ಜನ ಆಡು ಸಾಕುತ್ತಿದ್ದರು. ಆಡು ಕಡಿದು ತಿಂದ ಮೇಲೆ ಮೂಳೆಗಳನ್ನು ನಾಯಿಗಳಿಗೆ ಎಸೆಯುತ್ತಿದ್ದರು. ನಾಯಿಗಳು ಅಗಿದು ಬಿಟ್ಟು, ಮರಳಿನಲ್ಲಿ ಒಣಗುತ್ತಿದ್ದ ಮೂಳೆಗಳನ್ನು ಬ್ರೈನ್ ಒಂದೊಂದಾಗಿ ಆರಿಸಿ ಎಣಿಸಿದರು.

ಫಲಿತಾಂಶ ಅಚ್ಚರಿ ಹುಟ್ಟಿಸುವಂತಿತ್ತು. ಇಲ್ಲಿಯೂ ಮುಂಗಾಲಿನ ಮೂಳೆಯ ಕೆಳತುದಿಗಳೇ ಹೇರಳ, ಮೇಲ್ತುದಿಗಳು ಮಾಯ! ಕಾರಣ ಸರಳ. ಕೆಳತುದಿ ಗಟ್ಟಿ, ಹಲ್ಲಿಗೆ ಬಗ್ಗುವುದಿಲ್ಲ. ಮೇಲ್ತುದಿ ಮೆದು, ನಾಯಿ ಅಗಿದು ನುಂಗುತ್ತದೆ. ಮಕಪಾನ್ಸ್‌ಗಟ್‌ನ ಮೂಳೆಗಳನ್ನು ಯಾರೂ ಆರಿಸಿ ತಂದಿರಲಿಲ್ಲ. ಅವು ಕತ್ತೆಕಿರುಬದಂಥ ಪ್ರಾಣಿಗಳು ತಿಂದು ಮಿಕ್ಕ ಎಂಜಲು. ಡಾರ್ಟ್ ಕಂಡ ಶಸ್ತ್ರಾಗಾರ ನಿಜವಾಗಿ ಯಾವುದೋ ಮೃಗದ ಊಟದ ಮನೆಯಾಗಿತ್ತು.

ಎರಡು ತೂತುಗಳು

1965ರಿಂದ ಬ್ರೈನ್ ಜೋಹಾನ್ಸ್‌ಬರ್ಗ್ ಸಮೀಪದ ಸ್ವಾರ್ಟ್‌ಕ್ರಾನ್ಸ್ ಗವಿಯಲ್ಲಿ ಕೆಲಸ ಆರಂಭಿಸಿ, ಎರಡು ದಶಕ ಅದನ್ನು ಬಿಡದೆ ಶೋಧಿಸಿದರು. ಅಲ್ಲಿ ಸಿಕ್ಕಿದ್ದ ಒಂದು ಎಳೆಯ ತಲೆಬುರುಡೆಯ ಹಿಂಭಾಗದಲ್ಲಿ ಎರಡು ದುಂಡನೆಯ ತೂತುಗಳಿದ್ದವು. ಆ ಮಗು ‘ಪ್ಯಾರಾಂತ್ರೋಪಸ್ ರೊಬಸ್ಟಸ್’ ಎಂಬ, ನಮ್ಮ ನೇರ ಪೂರ್ವಜರಲ್ಲದ, ದಾಯಾದಿ ಶಾಖೆಗೆ ಸೇರಿದ್ದು. ಯಾರೋ ಆಯುಧದಿಂದ ಹೊಡೆದ ಗುರುತೆಂದು ಆ ತೂತುಗಳನ್ನು ಭಾವಿಸುವುದು ಸುಲಭವಿತ್ತು. ಬ್ರೈನ್ ಅದೇ ಗವಿಯಲ್ಲಿ ದೊರೆತ ಚಿರತೆಯ ಕೆಳದವಡೆಯ ಪಳೆಯುಳಿಕೆಯನ್ನು ತಂದು ಬುರುಡೆಗೆ ಹೊಂದಿಸಿ ನೋಡಿದರು. ಎರಡು ಕೋರೆಹಲ್ಲುಗಳು ಎರಡು ತೂತುಗಳಿಗೆ ಬೀಗಕ್ಕೆ ಕೀಲಿಯಂತೆ ಕೂತವು.

ಚಿರತೆ ಮಗುವಿನ ತಲೆಯನ್ನು ಬಾಯಲ್ಲಿ ಕಚ್ಚಿಕೊಂಡು ಎಳೆದೊಯ್ದಿತ್ತು. ಹಿಡಿದ ಬೇಟೆಯನ್ನು ಕತ್ತೆಕಿರುಬಗಳಿಗೆ ಸಿಗದಂತೆ ಮರದ ಮೇಲೆ ಸಾಗಿಸುವುದು ಚಿರತೆಯ ಸ್ವಭಾವ. ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಕೂಡ ಇದನ್ನು ನೋಡಿದವರಿದ್ದಾರೆ. ಆ ಬಯಲುಸೀಮೆಯಲ್ಲಿ ಮರ ಬೆಳೆಯುವುದು ಹೆಚ್ಚಾಗಿ ತೇವವಿರುವ ಗವಿಬಾಯಿಯ ಸುತ್ತ. ಮರದ ಮೇಲೆ ಚಿರತೆ ತಿಂದರೆ, ಮೂಳೆ ಕೆಳಗಿನ ಗವಿಗೆ ಬೀಳುತ್ತದೆ. ಮೂಳೆಗಳು ಗವಿಯಲ್ಲಿ ಸೇರಿದ ಬಗೆಗೆ ಬ್ರೈನ್ ಕೊಟ್ಟ ವಿವರಣೆ ಇದು. 1981ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರೇ ಒಂದು ಪ್ರಶ್ನೆ: ಬೇಟೆಗಾರರೋ, ಬೇಟೆಯಾದವರೋ?

ಟೌಂಗ್ ಮಗುವಿನ ಸಾವಿಗೂ ಇಂಥದೇ ವಿವರಣೆ ದೊರೆಯಿತು. ಆ ಮಗುವಿನ ಜೊತೆಗೆ ಸಿಕ್ಕಿದ್ದವು ಬಹುತೇಕ ಸಣ್ಣ ಪ್ರಾಣಿಗಳ ಮೂಳೆಗಳೇ. ಇದು ದೊಡ್ಡ ಹದ್ದಿನ ಕೆಲಸವಿರಬೇಕೆಂದು 1995ರಲ್ಲಿ ಲೀ ಬರ್ಗರ್ ಮತ್ತು ರಾನ್ ಕ್ಲಾರ್ಕ್ ಸೂಚಿಸಿದರು. ಆಫ್ರಿಕಾದಲ್ಲಿ ಇಂದಿಗೂ ಕೋತಿಗಳನ್ನು ಬೇಟೆಯಾಡುವ ಜುಟ್ಟಿನ ಹದ್ದು ಕೊಂದ ಕೋತಿಗಳ ಬುರುಡೆಗಳಲ್ಲಿ, ಕಣ್ಣುಗೂಡಿನ ಒಳಗೆ ಕೊಕ್ಕು ಮತ್ತು ಉಗುರಿನ ವಿಶಿಷ್ಟ ಗುರುತುಗಳಿರುತ್ತವೆ. 2006ರಲ್ಲಿ ಬರ್ಗರ್ ಟೌಂಗ್ ಮಗುವಿನ ಕಣ್ಣುಗೂಡಿನಲ್ಲೂ ಅಂಥ ಗುರುತುಗಳನ್ನು ತೋರಿಸಿದರು. ನೆಲದ ಮೇಲೆ ಚಿರತೆ, ಆಕಾಶದಲ್ಲಿ ಹದ್ದು, ನೀರಿನಲ್ಲಿ ಮೊಸಳೆ. ಇದು ನಮ್ಮ ಪೂರ್ವಜರ ಬಾಲ್ಯವಾಗಿತ್ತು.

ಉಳಿದದ್ದು ಹೇಗೆ?

ಆದಿಮಾನವರ ನಡವಳಿಕೆ ಪಳೆಯುಳಿಕೆಯಾಗುವುದಿಲ್ಲ. ಆದ್ದರಿಂದ ಅವರ ಮೂಳೆಗಳ ರಚನೆಯನ್ನೂ ಇಂದಿನ ವಾನರರ ಬದುಕನ್ನೂ ಜೋಡಿಸಿ ನೋಡಬೇಕಾಗುತ್ತದೆ.

ಮೊದಲ ರಕ್ಷಣೆ ಮರ. ಲೂಸಿಯ ಬೆರಳಿನ ಮೂಳೆಗಳು ಬಾಗಿವೆ, ತೋಳುಗಳು ಬಲವಾಗಿವೆ. ಹಗಲು ನೆಲದ ಮೇಲೆ ನಡೆದರೂ ಮರ ಹತ್ತುವ ವಿದ್ಯೆಯನ್ನು ಅವರು ಬಿಟ್ಟಿರಲಿಲ್ಲ. ಚಿಂಪಾಂಜಿಗಳು ಇಂದಿಗೂ ಪ್ರತಿ ಸಂಜೆ ಕೊಂಬೆಗಳನ್ನು ಬಗ್ಗಿಸಿ, ಎಲೆ ಹಾಸಿ, ಮರದ ಮೇಲೆ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತವೆ. ನಮ್ಮವರೂ ರಾತ್ರಿ ಕಳೆದದ್ದು ಹೀಗೆಯೇ ಇರಬೇಕು.

ಎರಡನೆಯದು ಹೊತ್ತು. ದೊಡ್ಡ ಬೆಕ್ಕುಗಳು ಹೆಚ್ಚಾಗಿ ಬೇಟೆಯಾಡುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಸುಡುವ ಮಧ್ಯಾಹ್ನದಲ್ಲಿ ಅವು ನೆರಳಿನಲ್ಲಿ ಮಲಗಿರುತ್ತವೆ. ನೆಟ್ಟಗೆ ನಿಂತ ದೇಹಕ್ಕೆ ನಡುಹಗಲಿನ ಬಿಸಿಲು ತಾಗುವುದು ಕಡಿಮೆ. ನೆಲದ ಕಾವಿನಿಂದಲೂ ಅದು ದೂರ. ಶತ್ರು ಮಲಗಿರುವ ಹೊತ್ತಿನಲ್ಲಿ ಎದ್ದು ಓಡಾಡುವುದು ಜಾಣತನ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗುಂಪು. ಒಬ್ಬನಿಗೆ ಎರಡು ಕಣ್ಣು. ಇಪ್ಪತ್ತು ಜನರಿಗೆ ನಲವತ್ತು. ನಮ್ಮ ಕಾಡಿನಲ್ಲಿ ಮರದ ತುದಿಯಿಂದ ಮುಸುವ ಕೂಗಿದರೆ ಕೆಳಗೆ ಮೇಯುವ ಚುಕ್ಕೆ ಜಿಂಕೆಗಳೂ ತಲೆಯೆತ್ತುತ್ತವೆ. ಅಪಾಯದ ಸುದ್ದಿಯನ್ನು ಹಂಚಿಕೊಳ್ಳುವ ಪ್ರಾಣಿಗೆ ಬದುಕುವ ಅವಕಾಶ ಹೆಚ್ಚು. ಹೊಂಚುಹಾಕುವ ಚಿರತೆಗೆ ತಾನು ಕಣ್ಣಿಗೆ ಬಿದ್ದೆನೆಂದು ಗೊತ್ತಾದರೆ ಅರ್ಧ ಆಟ ಮುಗಿದಂತೆ.

ಗುಂಪು ಬರೀ ನೋಡುವುದಿಲ್ಲ, ತಿರುಗಿಯೂ ಬೀಳುತ್ತದೆ. 1960ರ ದಶಕದಲ್ಲಿ ಡಚ್ ವಿಜ್ಞಾನಿ ಆಡ್ರಿಯಾನ್ ಕೋರ್ಟ್‌ಲಾಂಟ್ ಆಫ್ರಿಕಾದ ಕಾಡು ಚಿಂಪಾಂಜಿಗಳ ದಾರಿಯಲ್ಲಿ ಹುಲ್ಲು ತುಂಬಿದ ಚಿರತೆಯ ಬೊಂಬೆಯಿಟ್ಟು ಮರೆಯಲ್ಲಿ ನಿಂತು ನೋಡಿದರು. ಚಿಂಪಾಂಜಿಗಳು ಓಡಿಹೋಗಲಿಲ್ಲ. ಒಟ್ಟಾಗಿ ಅರಚುತ್ತ, ಕೊಂಬೆಗಳನ್ನು ಝಳಪಿಸುತ್ತ ಮುನ್ನುಗ್ಗಿದವು. ಗಿನಿ ದೇಶದ ಹುಲ್ಲುಗಾವಲಿನ ಚಿಂಪಾಂಜಿಗಳು ಕೋಲಿನಿಂದ ಬಲವಾಗಿ ಬಡಿದವು. ಬರೀ ಕೋಲು, ಕಲ್ಲು, ಗದ್ದಲ ಇವುಗಳಿಂದಲೇ ನಮ್ಮ ಪೂರ್ವಜರು ಎಷ್ಟೋ ಸಲ ಚಿರತೆಯನ್ನು ಹಿಮ್ಮೆಟ್ಟಿಸಿರಬೇಕು. ಆದರೆ ಹಾಗೆ ಮಾಡಲು ಒಬ್ಬರ ಬೆನ್ನಿಗೆ ಇನ್ನೊಬ್ಬರು ನಿಲ್ಲುತ್ತಾರೆಂಬ ನಂಬಿಕೆ ಬೇಕು. ಒಂಟಿಯಾಗಿ ನುಗ್ಗಿದವನು ಚಿರತೆಗೆ ಊಟ.

ಬರಿಗೈ ಬೇಟೆ

ಇನ್ನು ಆಹಾರ. ಹಣ್ಣು, ಗೆಡ್ಡೆ, ಬೀಜ, ಎಲೆಗಳೇ ಅವರ ಮುಖ್ಯ ಊಟ. ಮಾಂಸವೆಂದರೆ ಜಿಂಕೆಯೇ ಆಗಬೇಕೆಂದಿಲ್ಲವಲ್ಲ! ಹಕ್ಕಿಯ ಮೊಟ್ಟೆ, ಮರಿ, ಓತಿ, ಆಮೆ, ಹುಳು ಇವೆಲ್ಲ ಬರಿಗೈಗೆ ಸಿಗುವಂಥವೇ. 1960ರಲ್ಲಿ ಜೇನ್ ಗುಡಾಲ್ ಈಗಿನ ತಾಂಜಾನಿಯದ ಗೋಂಬೆ ಕಾಡಿನಲ್ಲಿ ಚಿಂಪಾಂಜಿ ಕಾಡುಹಂದಿಯ ಮರಿಯನ್ನು ತಿನ್ನುವುದನ್ನು ಕಂಡಾಗ, ಅವು ಬರೀ ಸಸ್ಯಾಹಾರಿಗಳೆಂಬ ನಂಬಿಕೆ ಮುರಿದುಬಿತ್ತು. ಅವು ಗುಂಪಾಗಿ ಕೋತಿಗಳನ್ನು ಅಟ್ಟಿ ಹಿಡಿಯುವುದೂ ಆಮೇಲೆ ತಿಳಿಯಿತು. ಗಬಾನ್ ದೇಶದ ಚಿಂಪಾಂಜಿಗಳು ಆಮೆಯನ್ನು ಮರಕ್ಕೆ ಬಡಿದು ಚಿಪ್ಪು ಒಡೆಯುವುದು 2019ರಲ್ಲಿ ವರದಿಯಾಯಿತು. 2007ರಲ್ಲಿ ಇನ್ನೂ ಸೋಜಿಗದ ವರದಿ ಸೆನೆಗಲ್‌ನ ಫೊಂಗೋಲಿಯಿಂದ ಬಂದಿತ್ತು. ಅಲ್ಲಿನ ಚಿಂಪಾಂಜಿಗಳು ಕೊಂಬೆ ಮುರಿದು, ಎಲೆ ಸವರಿ, ಕೆಲವೊಮ್ಮೆ ತುದಿಯನ್ನು ಹಲ್ಲಿನಿಂದ ಚೂಪು ಮಾಡಿ, ಮರದ ಪೊಟರೆಯಲ್ಲಿ ಮಲಗಿರುವ ಬುಷ್‌ಬೇಬಿಯನ್ನು ತಿವಿಯುತ್ತವೆ. ಬುಷ್‌ಬೇಬಿ ನಮ್ಮ ಕಾಡುಪಾಪದ ದೂರದ ನೆಂಟ. ಹೀಗೆ ಮಾಡುವುದರಲ್ಲಿ ಹೆಣ್ಣುಗಳದ್ದೂ ಎಳೆಯವುಗಳದ್ದೂ ಮುಂದಾಳುತನ! ಮೊದಲ ಈಟಿ ಗಂಡಸಿನ ಕೈಯಲ್ಲೇ ಇತ್ತೆಂದು ಹೇಳುವ ಮುನ್ನ ಇದನ್ನು ನೆನೆಯಬೇಕು. ಅಂಥ ಮರದ ಕೋಲು ಮಣ್ಣಲ್ಲಿ ಉಳಿಯುವುದಿಲ್ಲ; ಹೀಗಾಗಿ ಅದರ ಕಾಲ ಹೇಳಲಾಗದು.

ಡಾರ್ಟ್ ಹುಡುಕಿದ ಮೂಳೆಯ ಆಯುಧಗಳೂ ಕೊನೆಗೆ ಸಿಕ್ಕವು, ಆದರೆ ಬೇರೆ ರೂಪದಲ್ಲಿ. ಸ್ವಾರ್ಟ್‌ಕ್ರಾನ್ಸ್‌ನಲ್ಲಿ ತುದಿ ಸವೆದ ಮೂಳೆಗಳು ದೊರೆತಿವೆ. ಸವೆತದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಲುಸಿಂಡಾ ಬ್ಯಾಕ್‌ವೆಲ್ ಮತ್ತು ಫ್ರಾನ್ಸೆಸ್ಕೊ ಡಿ’ಎರಿಕೊ, ಅವು ಗೆದ್ದಲಿನ ಹುತ್ತ ಅಗೆದ ಗುರುತುಗಳೆಂದು 2001ರಲ್ಲಿ ತೋರಿಸಿದರು. ಕೊಲೆಯ ಗದೆಯಲ್ಲ, ಗೆದ್ದಲು ಅಗೆಯುವ ಗುದ್ದಲಿ! ಮೊದಲ ಮಳೆಗೆ ಏಳುವ ರೆಕ್ಕೆಯ ಗೆದ್ದಲುಗಳನ್ನು ಹುರಿದು ತಿನ್ನುವ ನಮ್ಮ ಹಳ್ಳಿಗರಿಗೆ ಇದು ವಿಚಿತ್ರವೆನಿಸದು.

ದೊಡ್ಡ ಪ್ರಾಣಿಯ ಮಾಂಸ ಬೇಕಾದಾಗ ಇನ್ನೊಂದು ದಾರಿಯಿತ್ತು: ಇತರರ ಬೇಟೆಯಲ್ಲಿ ಪಾಲು. ಚಿರತೆ ಮರದ ಮೇಲಿಟ್ಟು ಹೋದ ಬೇಟೆಯನ್ನು ಹಗಲಿನಲ್ಲಿ ಕದಿಯಬಹುದು. ಸಿಂಹ ತಿಂದು ಬಿಟ್ಟ ಮೂಳೆಯನ್ನು ಕಲ್ಲಿನಿಂದ ಜಜ್ಜಿದರೆ ಒಳಗೆ ಕೊಬ್ಬಿನಂಥ ಮಜ್ಜೆಯಿದೆ.

ಎಸೆತ ಮತ್ತು ಓಟ

ಸುಮಾರು 20 ಲಕ್ಷ ವರ್ಷಗಳ ಹಿಂದೆ ನಮ್ಮದೇ ‘ಹೋಮೋ’ ಕುಲದವರ ದೇಹದಲ್ಲಿ ಎರಡು ಬದಲಾವಣೆಗಳು ಕಾಣಿಸಿದವು. ಆ ಹೊತ್ತಿಗೆ ಕಲ್ಲಿನ ಚಕ್ಕೆಗಳು ಬಂದಿದ್ದವು. ಆದರೆ ಅವು ಮಾಂಸ ಕೊಯ್ಯಲು ಒದಗುವಂಥವು, ದೂರದ ಪ್ರಾಣಿಯನ್ನು ಕೊಲ್ಲುವಂಥವಲ್ಲ.

ಒಂದು ಬದಲಾವಣೆ ಭುಜದ್ದು. ಚಿಂಪಾಂಜಿ ನಮಗಿಂತ ಬಲಶಾಲಿಯಾದರೂ ಅದು ಎಸೆದ ವಸ್ತುವಿನ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ಮಾತ್ರ. ಮನುಷ್ಯನ ಭುಜ, ಸೊಂಟ, ತೋಳುಗಳು ಸೇರಿ ಕವಣೆಯಂತೆ ಕೆಲಸ ಮಾಡುತ್ತವೆಂದು 2013ರಲ್ಲಿ ನೀಲ್ ರೋಚ್ ಮತ್ತು ಸಂಗಡಿಗರು ತೋರಿಸಿದರು. ಬೌಂಡರಿ ಗೆರೆಯಿಂದ ವಿಕೆಟ್‌ಗೆ ಚೆಂಡು ಎಸೆಯುವ ಹುಡುಗ ಬಳಸುವುದು ಅದೇ ಭುಜವನ್ನು.

ಇನ್ನೊಂದು ಬದಲಾವಣೆ ಓಟದ್ದು. ನೂರು ಮೀಟರ್ ಓಟದಲ್ಲಿ ಮನುಷ್ಯ ಯಾವ ಹುಲ್ಲೆಗೂ ಸಾಟಿಯಲ್ಲ. ಆದರೆ ಮೂವತ್ತು ಕಿಲೋಮೀಟರ್ ಓಟವಾದರೆ? ನಾಗಾಲೋಟದಲ್ಲಿರುವ ನಾಲ್ಕು ಕಾಲಿನ ಪ್ರಾಣಿ ನಾಲಗೆ ಚಾಚಿ ಏದುಸಿರಿನಿಂದ ಮೈ ತಣಿಸಿಕೊಳ್ಳಲಾರದು, ಆಗಾಗ ನಿಲ್ಲಲೇಬೇಕು. ಮನುಷ್ಯನ ಮೈಯಲ್ಲಿ ರೋಮ ವಿರಳ. 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಬೆವರು ಸುರಿಸುತ್ತ ಓಡುತ್ತಲೇ ಇರಬಲ್ಲ. ಉದ್ದ ಕಾಲು, ಹಿಮ್ಮಡಿಯ ಸ್ನಾಯುರಜ್ಜು, ದೊಡ್ಡ ನಿತಂಬದ ಸ್ನಾಯು ಇವೆಲ್ಲ ದೂರದ ಓಟಕ್ಕೆ ಹೇಳಿಮಾಡಿಸಿದಂತಿವೆ ಎಂದು 2004ರಲ್ಲಿ ಡೆನ್ನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ವಾದಿಸಿದರು. ಕಾಲಹರಿ ಮರುಭೂಮಿಯ ಸಾನ್ ಜನರು 40 ಡಿಗ್ರಿ ಬಿಸಿಲಿನಲ್ಲಿ ಕುಡು ಎಂಬ ದೊಡ್ಡ ಹುಲ್ಲೆಯನ್ನು ಗಂಟೆಗಟ್ಟಲೆ ಅಟ್ಟಿ, ಅದು ಬಳಲಿ ನಿಂತಾಗ ಹಿಡಿಯುವುದನ್ನು ಲೂಯಿ ಲೀಬೆನ್‌ಬರ್ಗ್ ದಾಖಲಿಸಿದ್ದಾರೆ. ಅದಕ್ಕೆ ಕಾಲಿನ ಬಲದಷ್ಟೇ ಹೆಜ್ಜೆಗುರುತು ಓದುವ ಬುದ್ಧಿಯೂ ಬೇಕು. ಇದು ಆದಿಮಾನವರ ಮುಖ್ಯ ಬೇಟೆಯಾಗಿತ್ತೇ ಎಂಬ ಬಗ್ಗೆ ಎಲ್ಲ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಆಮೇಲೆ ಬೆಂಕಿ. ಸ್ವಾರ್ಟ್‌ಕ್ರಾನ್ಸ್‌ನ ಕೆಳಪದರಗಳಲ್ಲಿ ಚಿರತೆಯ ಎಂಜಲಾಗಿದ್ದವರು, 10ರಿಂದ 15 ಲಕ್ಷ ವರ್ಷ ಹಿಂದಿನ ಮೇಲಿನ ಪದರದಲ್ಲಿ ಸುಟ್ಟ ಮೂಳೆಗಳನ್ನು ಬಿಟ್ಟುಹೋಗಿದ್ದಾರೆ. ಇದನ್ನು 1988ರಲ್ಲಿ ಪ್ರಕಟಿಸಿದವರಲ್ಲಿ ಬ್ರೈನ್ ಒಬ್ಬರು. ಒಂದೇ ಗವಿಯ ಮಣ್ಣಿನಲ್ಲಿ ಬೇಟೆ ಮತ್ತು ಬೇಟೆಗಾರ ತಮ್ಮ ಸ್ಥಾನ ಬದಲಿಸಿಕೊಂಡಿದ್ದರು.

ಮನುಷ್ಯ ಹುಟ್ಟಾ ಕೊಲೆಗಾರನೇ?

ಈ ಶೋಧ ಗವಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ‘ಯುದ್ಧ ನಮ್ಮ ಹುಟ್ಟುಗುಣ, ಅದನ್ನು ತಪ್ಪಿಸಲಾಗದು’ ಎಂಬ ವಾದಕ್ಕೆ ಡಾರ್ಟ್ ಕಂಡ ಆಯುಧಗಳು ಬಹುಕಾಲ ಆಧಾರವಾಗಿದ್ದವು. ಆ ಆಧಾರ ಕುಸಿಯಿತು. 1986ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ ಸೇರಿದ ವಿವಿಧ ದೇಶಗಳ ವಿಜ್ಞಾನಿಗಳು, ಪ್ರಾಣಿ ಪೂರ್ವಜರಿಂದ ಯುದ್ಧದ ಪ್ರವೃತ್ತಿ ನಮಗೆ ಬಂದಿದೆ ಎನ್ನುವುದು ವೈಜ್ಞಾನಿಕವಾಗಿ ತಪ್ಪು ಎಂದು ಘೋಷಿಸಿದರು. ಯುನೆಸ್ಕೊ 1989ರಲ್ಲಿ ಆ ಹೇಳಿಕೆಯನ್ನು ಅಂಗೀಕರಿಸಿತು. ಮನುಷ್ಯ ಕೊಲ್ಲುವುದಿಲ್ಲ ಎಂದು ಇದರ ಅರ್ಥವಲ್ಲ. ಕೊಲ್ಲಲೇಬೇಕೆಂದು ಅವನ ಹಣೆಯಲ್ಲಿ ಬರೆದಿಲ್ಲ ಎಂದಷ್ಟೇ.

ಬೇರೊಂದು ಬಗೆಯ ಸಾಕ್ಷ್ಯವೂ ಇದೆ. ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ದೊರೆತ, 17 ಲಕ್ಷ ವರ್ಷಗಳಿಗೂ ಹಿಂದಿನ ಮುದುಕನ ತಲೆಬುರುಡೆಯಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಹಲ್ಲುಗಳು ಸಾವಿಗೆ ಎಷ್ಟೋ ಮುಂಚೆಯೇ ಉದುರಿ, ವಸಡಿನ ಮೂಳೆ ಮುಚ್ಚಿಕೊಂಡಿತ್ತು. ಅಗಿಯಲಾರದ ಆ ಜೀವ ವರ್ಷಗಟ್ಟಲೆ ಬದುಕಿತ್ತು. ಯಾರೋ ಮೆದುವಾದ ಆಹಾರ ಕೊಟ್ಟು, ಮೃಗಗಳಿಂದ ಕಾಪಾಡಿರಬಹುದು.

ಬ್ರೈನ್ ಅವರ ವಿಧಾನದಲ್ಲಿ ವಿದ್ಯಾರ್ಥಿಗಳು ಕಲಿಯಬೇಕಾದದ್ದಿದೆ. ಅವರು ಡಾರ್ಟ್ ಅವರನ್ನು ಜರಿಯಲಿಲ್ಲ. ಹಳ್ಳಿಯ ನಾಯಿಗಳು ಬಿಟ್ಟ ಮೂಳೆಗಳನ್ನು ತಾಳ್ಮೆಯಿಂದ ಎಣಿಸಿದರು, ಅಷ್ಟೆ. ದೊಡ್ಡ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಇಂಥ ಸಣ್ಣ ಕೆಲಸದಲ್ಲಿರುತ್ತದೆ.

ಮುಂದೆ ಎಂದಾದರೂ ಪುಸ್ತಕದಲ್ಲಿ ಈಟಿ ಹಿಡಿದ ಆದಿಮಾನವನ ಚಿತ್ರ ಕಂಡಾಗ, ಅವನಿಗೂ ಎಷ್ಟೋ ಮುಂಚಿನ ಒಬ್ಬಳನ್ನು ಮಕ್ಕಳು ಊಹಿಸಿಕೊಳ್ಳಲಿ. ಮರದ ಕವಲಿನಲ್ಲಿ ಮಗುವನ್ನು ಅವುಚಿಕೊಂಡು, ಕೆಳಗಿನ ಕತ್ತಲಿಗೆ ಕಿವಿಗೊಟ್ಟು ಕುಳಿತ, ಮೂರೂವರೆ ಅಡಿ ಎತ್ತರದ ತಾಯಿ ಅವಳು. ಪಕ್ಕದ ಕೊಂಬೆಯಲ್ಲಿ ಅವಳ ಬಳಗದವರೂ ಎಚ್ಚರವಾಗಿದ್ದರು. ಆದ್ದರಿಂದಲೇ ಆ ಮಗು ಬೆಳಗನ್ನು ಕಂಡಿತು.